ವಂಶಾವಳಿಯ ದತ್ತಸಂಚಯದಲ್ಲಿ ಬಳಕೆ ತಪ್ಪಿದ ಹೆಸರುಗಳು: ಗೋರೆಗಾಂವಿನ ಕನ್ನಡ ಕುಟುಂಬಗಳ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

1. ಪ್ರವೇಶ

ವಂಶಾವಳಿಯನ್ನು ಬರೆದಿಡುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ತಾಮ್ರಪಟಗಳ ಆರಂಭದಲ್ಲಿ ಬರುವ ರಾಜವಂಶಗಳ ವರ್ಣನೆ ಇದರ ಒಂದು ರೂಪ. ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಡನೆ ಊರೂರಿಗೆ ಬಂದು, ಒಕ್ಕಲು ಮನೆತನಗಳ ಹಿರಿಯರ ಹೆಸರುಗಳನ್ನು ತಲೆಮಾರಿನ ಕ್ರಮದಲ್ಲಿ ಹೇಳಿ ಕಾಳುಕಡಿ ಪಡೆಯುತ್ತಿದ್ದ ಉತ್ತರ ಕರ್ನಾಟಕದ ಹೆಳವರ ವೃತ್ತಿ ಇನ್ನೊಂದು ರೂಪ. ನಾಸಿಕ, ತ್ರ್ಯಂಬಕೇಶ್ವರಗಳ ತೀರ್ಥಪುರೋಹಿತರು ಯಾತ್ರಿಕರ ಊರು ಮನೆತನಗಳನ್ನು ಬರೆದಿಡುವ ವಹಿಗಳು ಮತ್ತೊಂದು ರೂಪ. ಇವೆಲ್ಲವುಗಳಲ್ಲಿಯೂ ಯಾವ ಹೆಸರನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಅಡಗಿದೆ.

ರಾಷ್ಟ್ರಕೂಟರ ಇತಿಹಾಸದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಒಂದನೆಯ ಕೃಷ್ಣನ ಹಿರಿಯ ಮಗ ಎರಡನೆಯ ಗೋವಿಂದ. ಅವನನ್ನು ಬದಿಗೊತ್ತಿ ತಮ್ಮನಾದ ಧ್ರುವನು ಪಟ್ಟಕ್ಕೆ ಬಂದನು. ಧ್ರುವನ ಸಂತತಿಯವರ ಕೆಲವು ತಾಮ್ರಪಟಗಳ ವಂಶಾವಳಿಯಲ್ಲಿ ಗೋವಿಂದನ ಹೆಸರೇ ಬರುವುದಿಲ್ಲ. ಈ ಮೌನದಿಂದಾಗಿ ಅವನು ನಿಜವಾಗಿ ರಾಜ್ಯವಾಳಿದನೇ ಎಂಬುದೇ ಒಂದು ಕಾಲದಲ್ಲಿ ಇತಿಹಾಸಕಾರರ ಚರ್ಚೆಯ ವಿಷಯವಾಗಿತ್ತು. ಆದರೆ ಶಕ 692ರ, ಎಂದರೆ ಕ್ರಿ.ಶ. 770ರ, ಅಲಾಸ್ ತಾಮ್ರಪಟ ಅವನು ಯುವರಾಜನಾಗಿದ್ದಾಗ ಹೊರಡಿಸಿದ್ದು. ಬೇರೆ ಕೆಲವು ಶಾಸನಗಳು ಅವನನ್ನು ವಂಶದ ಸಾಲಿನಲ್ಲಿ ಹೆಸರಿಸುತ್ತವೆ. ಒಂದು ಪಟದಲ್ಲಿ ಬಿಟ್ಟುಹೋದ ಹೆಸರು ಇನ್ನೊಂದರಿಂದ ಹಿಂದಕ್ಕೆ ಬಂದಿತು.

ಈಗ ಮನೆತನಗಳ ವಂಶಾವಳಿ ಗಣಕಯಂತ್ರದಲ್ಲಿ ಸಿದ್ಧವಾಗುತ್ತಿದೆ. ಅದರ ಜೊತೆಗೆ, ಬಳಕೆಯಲ್ಲಿಲ್ಲದ ಹೆಸರುಗಳನ್ನು ಹುಡುಕಿ ಒಮ್ಮೆಲೇ ಅಳಿಸಿಹಾಕುವ ಸಹಾಯಕ ತಂತ್ರಾಂಶಗಳೂ ಬಂದಿವೆ. ಇವುಗಳ ಉಪಯುಕ್ತತೆಯಲ್ಲಿ ಸಂದೇಹವಿಲ್ಲ. ಆದರೆ ಊರಿನಿಂದ ಮಹಾನಗರಕ್ಕೆ ಬಂದು ಹೆಸರಿನ ರೂಪವನ್ನೇ ಹಲವು ಬಾರಿ ಬದಲಿಸಿಕೊಂಡ ಕುಟುಂಬಗಳ ವಿಷಯದಲ್ಲಿ ‘ಬಳಕೆಯಲ್ಲಿಲ್ಲದ ಹೆಸರು’ ಎಂಬ ಮಾತಿನ ಅರ್ಥವೇನು? ಯಂತ್ರದ ದೃಷ್ಟಿಯಲ್ಲಿ ಕಸವಾದುದು ಸಂಶೋಧಕನ ದೃಷ್ಟಿಯಲ್ಲಿಯೂ ಕಸವೇ? ಮುಂಬಯಿಯ ಉಪನಗರವಾದ ಗೋರೆಗಾಂವಿನ ಕನ್ನಡ ಕುಟುಂಬಗಳ ಹಿನ್ನೆಲೆಯಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಬಳಕೆ ತಪ್ಪಿದ ಹೆಸರು ಹುಟ್ಟುವ ಬಗೆ

ವಂಶಾವಳಿಯ ತಂತ್ರಾಂಶ ಹೊರನೋಟಕ್ಕೆ ಒಂದು ವೃಕ್ಷವನ್ನು ತೋರಿಸಿದರೂ ಒಳಗೆ ಅದು ಹಲವು ಕೋಷ್ಟಕಗಳ ಸಮೂಹ. ವ್ಯಕ್ತಿಗಳಿಗೆ ಒಂದು ಕೋಷ್ಟಕ, ಘಟನೆಗಳಿಗೆ ಒಂದು, ಸ್ಥಳಗಳಿಗೆ ಒಂದು, ಆಧಾರಗಳಿಗೆ ಒಂದು. ಕೆಲವು ತಂತ್ರಾಂಶಗಳಲ್ಲಿ ಹೆಸರುಗಳಿಗೂ ಒಂದು ಪ್ರತ್ಯೇಕ ಕೋಶವಿರುತ್ತದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಬಳಕೆಗೆ ಬಂದು, 2014ರಲ್ಲಿ ಮಾರಾಟ ನಿಂತುಹೋದ ‘ದಿ ಮಾಸ್ಟರ್ ಜೀನಿಯಾಲಜಿಸ್ಟ್’ ಇಂತಹ ರಚನೆಯದು. ಅದರಲ್ಲಿ ‘ಶೆಟ್ಟಿ’ ಎಂಬ ಹೆಸರು ನೂರು ಮಂದಿಗೆ ಇದ್ದರೂ ಕೋಶದಲ್ಲಿ ಅದು ಒಂದೇ ಬಾರಿ ದಾಖಲಾಗುತ್ತದೆ. ಆ ನಮೂದಿಗೆ ಒಂದು ಸಂಖ್ಯೆ ಇರುತ್ತದೆ. ನೂರು ವ್ಯಕ್ತಿಗಳ ದಾಖಲೆಗಳೂ ಆ ಸಂಖ್ಯೆಯನ್ನು ಮಾತ್ರ ಹೊತ್ತಿರುತ್ತವೆ.

ಗ್ರಂಥಾಲಯದ ಹಳೆಯ ಸೂಚಿಪೆಟ್ಟಿಗೆಯನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪುಸ್ತಕ ಕಪಾಟಿನಿಂದ ಹೋದ ಮೇಲೂ ಅದರ ಚೀಟಿ ಪೆಟ್ಟಿಗೆಯಲ್ಲಿ ಉಳಿದಿರಬಹುದು. ಅದೇ ರೀತಿ, ಒಬ್ಬಾಕೆಯ ಹೆಸರನ್ನು ಮೊದಲು ‘ದುಗ್ಗು’ ಎಂದು ಬರೆದು, ಆಮೇಲೆ ಅದೇ ಸ್ಥಾನದಲ್ಲಿ ‘ದುರ್ಗಾ’ ಎಂದು ತಿದ್ದಿದರೆ, ವ್ಯಕ್ತಿಯ ದಾಖಲೆ ‘ದುರ್ಗಾ’ ಎಂಬ ನಮೂದಿನ ಸಂಖ್ಯೆಯನ್ನು ಹಿಡಿಯುತ್ತದೆ. ‘ದುಗ್ಗು’ ಎಂಬ ನಮೂದು ಮಾತ್ರ ಯಾರಿಗೂ ಸೇರದೆ ಕೋಶದಲ್ಲಿ ಉಳಿಯುತ್ತದೆ. ಇದೇ ಬಳಕೆ ತಪ್ಪಿದ ಹೆಸರು.

ಇಂತಹ ನಮೂದುಗಳು ಹೆಚ್ಚಿದಂತೆ ತೊಡಕುಗಳೂ ಹೆಚ್ಚುತ್ತವೆ. ಹೆಸರಿನ ಮೊದಲ ಅಕ್ಷರಗಳನ್ನು ಬೆರಳಚ್ಚಿಸಿದೊಡನೆ ತಂತ್ರಾಂಶ ಮುಂದಿಡುವ ಪಟ್ಟಿಯಲ್ಲಿ ತಪ್ಪು ರೂಪಗಳೂ ಕಾಣಿಸಿಕೊಳ್ಳುತ್ತವೆ. ಅವಸರದಲ್ಲಿ ಅವುಗಳಲ್ಲೊಂದನ್ನು ಆರಿಸಿದರೆ ಒಮ್ಮೆ ತಿದ್ದಿದ ತಪ್ಪು ಮರಳಿ ಬರುತ್ತದೆ. ಆದುದರಿಂದ ಕೋಶವನ್ನು ಆಗಾಗ ಶುದ್ಧಿಗೊಳಿಸುವುದು ಅಗತ್ಯ. ಮೇಲೆ ಹೇಳಿದ ತಂತ್ರಾಂಶಕ್ಕೆ ಪೂರಕವಾಗಿ ಜಾನ್ ಕಾರ್ಡಿನಲ್ ಅವರು ರಚಿಸಿದ ‘ಟಿಎಂಜಿ ಯುಟಿಲಿಟಿ’ ದತ್ತಸಂಚಯದ ಇಂತಹ ಸಾಮೂಹಿಕ ತಿದ್ದುಪಡಿಗಳಿಗೆಂದೇ ಇದ್ದ ಸಾಧನ. ಉಚಿತವಾಗಿ ದೊರೆಯುವ ‘ಗ್ರಾಂಪ್ಸ್’ ತಂತ್ರಾಂಶದಲ್ಲಿಯೂ ಬಳಕೆಯಿಲ್ಲದ ವಸ್ತುಗಳನ್ನು ತೆಗೆಯುವ ಸೌಲಭ್ಯವಿದೆ. ಅಲ್ಲಿ ಹೆಸರು ವ್ಯಕ್ತಿಯ ದಾಖಲೆಯ ಭಾಗವಾಗಿಯೇ ಇರುವುದರಿಂದ ಆ ಸೌಲಭ್ಯ ಘಟನೆ, ಸ್ಥಳ, ಆಧಾರ, ಟಿಪ್ಪಣಿ ಮುಂತಾದವುಗಳಿಗೆ ಅನ್ವಯಿಸುತ್ತದೆ. ಎರಡರ ತತ್ತ್ವವೂ ಒಂದೇ: ಯಾವುದಕ್ಕೂ ಸಂಬಂಧಪಡದ ನಮೂದು ತೆಗೆದುಹಾಕಲು ಯೋಗ್ಯ.

ಈ ತತ್ತ್ವದ ಹಿಂದೆ ಒಂದು ಗ್ರಹಿಕೆ ಇದೆ. ತಿದ್ದುವವನು ತಪ್ಪನ್ನು ಅಳಿಸಿ ಸರಿಯನ್ನು ಬರೆದಿದ್ದಾನೆ ಎಂಬುದೇ ಆ ಗ್ರಹಿಕೆ. ಆದರೆ ‘ದುಗ್ಗು’ ತಪ್ಪೇ? ಅದು ಆಕೆಯನ್ನು ಊರಿನಲ್ಲಿ ಕರೆಯುತ್ತಿದ್ದ ಹೆಸರು. ‘ದುರ್ಗಾ’ ಎಂಬುದು ನಗರದ ದಾಖಲೆಗಳಿಗೆ ಬಂದ ಹೆಸರು. ಒಂದರ ಮೇಲೆ ಇನ್ನೊಂದನ್ನು ಬರೆದುದರಿಂದ ಮೊದಲ ಹೆಸರಿನ ಏಕೈಕ ಕುರುಹು ಕೋಶದ ಆ ಒಂಟಿ ನಮೂದಿನಲ್ಲಿ ಮಾತ್ರ ಉಳಿದಿದೆ. ಶುದ್ಧೀಕರಣ ಅದನ್ನೂ ಇಲ್ಲವಾಗಿಸುತ್ತದೆ.

3. ಗೋರೆಗಾಂವಿನಲ್ಲಿ ಹೆಸರಿನ ಪದರಗಳು

ಸಾಷ್ಟಿ ದ್ವೀಪದ ಹಳ್ಳಿಯಾಗಿದ್ದ ಗೋರೆಗಾಂವ್ 1957ರಲ್ಲಿ ಬೃಹನ್ಮುಂಬಯಿಯ ಎಲ್ಲೆ ಪಶ್ಚಿಮ ರೈಲುಮಾರ್ಗದ ಗುಂಟ ದಹಿಸರದವರೆಗೆ ವಿಸ್ತರಿಸಿದಾಗ ನಗರಪಾಲಿಕೆಯ ಒಳಗೆ ಬಂದಿತು. ಅದಕ್ಕೂ ಮೊದಲೇ, 1949ರಲ್ಲಿ, ಆರೆ ಹಾಲಿನ ಕಾಲೊನಿ ಅದರ ಪೂರ್ವದಲ್ಲಿ ಆರಂಭವಾಗಿತ್ತು. ಮುಂಬಯಿಗೆ ಬಂದ ಕನ್ನಡಿಗರು ಮೊದಲು ಕೋಟೆ, ಗಿರಗಾಂವ್, ಮಾಟುಂಗಾಗಳಂತಹ ಪ್ರದೇಶಗಳಲ್ಲಿ ನೆಲೆನಿಂತು, ಉಪನಗರಗಳು ಬೆಳೆದಂತೆ ಉತ್ತರಕ್ಕೆ ಸರಿದರು. ಕರಾವಳಿಯ ತುಳು ಮನೆಮಾತಿನ ಕನ್ನಡಿಗರು, ಕೊಂಕಣಿ ಮನೆಮಾತಿನವರು, ಉತ್ತರ ಕರ್ನಾಟಕದವರು ಹೀಗೆ ಹಲವು ಮೂಲದ ಕುಟುಂಬಗಳು ಗೋರೆಗಾಂವಿನಲ್ಲಿ ನೆರೆಹೊರೆಯಾಗಿ ಬೆಳೆದಿವೆ. ಗೋರೆಗಾಂವ್ ಕರ್ನಾಟಕ ಸಂಘ ಈ ಜನರನ್ನು ಒಂದು ಭಾಷೆಯ ನೆಲೆಯಲ್ಲಿ ಕೂಡಿಸಿದ ಸಂಸ್ಥೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘ ಮೊದಲಾದ ಸಮುದಾಯ ಸಂಸ್ಥೆಗಳು ಇಡೀ ಮುಂಬಯಿಗೆ ಸಂಬಂಧಿಸಿದವು. ಇಂತಹ ಸಂಸ್ಥೆಗಳ ಸದಸ್ಯಪಟ್ಟಿ, ಸ್ಮರಣಸಂಚಿಕೆ, ಮುಖಪತ್ರಗಳು ಮುಂಬಯಿ ಕನ್ನಡಿಗರ ವಂಶಾವಳಿಗೆ ಮುಖ್ಯ ಆಕರಗಳು.

ಈ ಆಕರಗಳಲ್ಲಿ ಒಬ್ಬನೇ ವ್ಯಕ್ತಿ ಹಲವು ಹೆಸರುಗಳಲ್ಲಿ ಕಾಣಿಸಿಕೊಳ್ಳುವುದು ಸಾಮಾನ್ಯ. ಅದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು, ಊರಿನ ಹೆಸರು. ತುಳುನಾಡಿನಲ್ಲಿ ಹುಟ್ಟಿದ ವಾರವನ್ನು ಅನುಸರಿಸಿ ಹೆಸರಿಡುವ ರೂಢಿಯಿತ್ತು. ಐತ, ಸೋಮ ಅಥವಾ ಚೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂಬವು ಆದಿತ್ಯವಾರದಿಂದ ಶನಿವಾರದವರೆಗಿನ ಹೆಸರುಗಳು. ಇಂತಹ ಹೆಸರಿನವರು ಶಾಲೆಗೆ ಸೇರುವಾಗ, ಇಲ್ಲವೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಕಲಿಯುವಾಗ ಸಂಸ್ಕೃತಮೂಲದ ಹೆಸರನ್ನು ಪಡೆದುಕೊಳ್ಳುತ್ತಿದ್ದುದುಂಟು.

ಎರಡನೆಯದು, ಹೆಸರಿನ ಅಂಗಗಳ ಕ್ರಮ. ಕರಾವಳಿಯಲ್ಲಿ ಮನೆಯ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ ಬರುವುದು ರೂಢಿ. ಗುತ್ತು, ಬೀಡು, ಬರ್ಕೆ ಎಂಬವು ಮನೆತನದ ಸ್ಥಾನವನ್ನೂ ಸೂಚಿಸುತ್ತವೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಯಲ್ಲಿ ಬರುತ್ತದೆ. ಮುಂಬಯಿಯ ಶಾಲೆ, ಪಡಿತರ ಚೀಟಿ, ನಗರಪಾಲಿಕೆಯ ದಾಖಲೆಗಳಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಮಹಾರಾಷ್ಟ್ರದ ಕ್ರಮ ನಡೆಯುತ್ತದೆ. ಈ ಮೂರು ಸ್ಥಾನಗಳಲ್ಲಿ ಕರಾವಳಿಯ ಮನೆಹೆಸರಿಗೆ ಎಡೆಯಿಲ್ಲ. ಅದು ಮೊದಲು ಒಂದು ಅಕ್ಷರವಾಗಿ ಕುಗ್ಗಿ, ಮುಂದಿನ ತಲೆಮಾರಿಗೆ ಪೂರ್ತಿಯಾಗಿ ಬಿಟ್ಟುಹೋಗುತ್ತದೆ.

ಮೂರನೆಯದು, ಮದುವೆಯ ಹೆಸರು. ಗಂಡನ ಹೆಸರೂ ಅಡ್ಡಹೆಸರೂ ಸ್ತ್ರೀಯ ಹೆಸರಿಗೆ ಸೇರುತ್ತವೆ. ಕೆಲವು ಸಮುದಾಯಗಳಲ್ಲಿ ಆಕೆಯ ಸ್ವಂತ ಹೆಸರೂ ಮದುವೆಯಲ್ಲಿ ಬದಲಾಗುತ್ತದೆ.

ನಾಲ್ಕನೆಯದು, ಲಿಪಿ. ಒಂದೇ ಹೆಸರು ಊರಿನ ಪತ್ರದಲ್ಲಿ ಕನ್ನಡದಲ್ಲಿ, ಮುಂಬಯಿಯ ಜನನಪತ್ರದಲ್ಲಿ ಮರಾಠಿಯಲ್ಲಿ, ಉದ್ಯೋಗದ ಕಾಗದದಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ. ನಾಗರಿ ಲಿಪಿಯಲ್ಲಿ ರೂಢಿಯ ಬರವಣಿಗೆ ಎ, ಒ ಸ್ವರಗಳ ಹ್ರಸ್ವ ದೀರ್ಘಗಳನ್ನು ಬೇರೆಬೇರೆಯಾಗಿ ತೋರಿಸುವುದಿಲ್ಲ. ರೋಮನ್ ಲಿಪಿಯಲ್ಲಿ ಳಕಾರ ಲಕಾರಗಳ ಭೇದ ಅಳಿದುಹೋಗುತ್ತದೆ. ಹೀಗಾಗಿ ‘ಕೊರಗ’ ಎಂಬ ಹೆಸರು ಮೂರು ಲಿಪಿಗಳನ್ನು ದಾಟಿ ಮರಳಿ ಕನ್ನಡಕ್ಕೆ ಬರುವಾಗ ‘ಕೋರಗ’ ಎಂದಾಗಿರಬಹುದು.

ಗೋರೆಗಾಂವಿನ ಮನೆಯೊಂದರಲ್ಲಿ ಮೊಮ್ಮಗಳು ಅಜ್ಜಿಯನ್ನು ಕೇಳುತ್ತ ವಂಶಾವಳಿಯನ್ನು ಗಣಕಯಂತ್ರಕ್ಕೆ ಸೇರಿಸುತ್ತಿರುವ ಸಂದರ್ಭವನ್ನು ಮಾದರಿಗಾಗಿ ಕಲ್ಪಿಸಿಕೊಳ್ಳಬಹುದು. ಅಜ್ಜಿ ಹೇಳಿದ್ದು ಒಂದು ಹೆಸರು. ಆಸ್ತಿಪತ್ರದಲ್ಲಿ ದೊರೆತದ್ದು ಎರಡನೆಯದು. ಜನನಪತ್ರದಲ್ಲಿರುವುದು ಮೂರನೆಯದು. ಮೊಮ್ಮಗಳು ಒಂದನ್ನು ಬರೆದು, ಇನ್ನೊಂದು ದಾಖಲೆ ಸಿಕ್ಕಾಗ ಅದರ ಮೇಲೆ ತಿದ್ದುತ್ತಾಳೆ. ಕಾಗದದ ಮೇಲಿನ ಹೆಸರೇ ಸರಿ, ಅಜ್ಜಿಯ ಬಾಯಿಯ ಹೆಸರು ಸಲಿಗೆಯದು ಎಂಬುದು ಅವಳ ಎಣಿಕೆ. ಹೀಗೆ ಪ್ರತಿ ತಿದ್ದುಪಡಿಯೂ ಒಂದು ಬಳಕೆ ತಪ್ಪಿದ ಹೆಸರನ್ನು ಹುಟ್ಟಿಸುತ್ತದೆ. ಊರಿನ ಹೆಸರುಗಳೇ ಹೆಚ್ಚಾಗಿ ಈ ಗುಂಪಿಗೆ ಸೇರುತ್ತವೆ ಎಂಬುದು ಇಲ್ಲಿ ಗಮನಾರ್ಹ.

4. ಸ್ತ್ರೀಯರ ಹೆಸರು ಮತ್ತು ಅಳಿಯಸಂತಾನ

ಈ ನಷ್ಟ ಅತ್ಯಂತ ತೀವ್ರವಾಗುವುದು ಅಳಿಯಸಂತಾನದ ಕುಟುಂಬಗಳಲ್ಲಿ. ಬಂಟ, ಬಿಲ್ಲವ, ಮೊಗವೀರ ಮೊದಲಾದ ಸಮುದಾಯಗಳಲ್ಲಿ ವಂಶ ತಾಯಿಯ ಮೂಲಕ ಹರಿಯುತ್ತದೆ. ಬಳಿ ಅಥವಾ ಬರಿ ಎಂಬ ಕುಲವಿಭಾಗ ಮಕ್ಕಳಿಗೆ ತಾಯಿಯಿಂದ ಬರುತ್ತದೆ. ಒಂದೇ ಬಳಿಯವರ ನಡುವೆ ಮದುವೆ ನಿಷಿದ್ಧ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯಲ್ಲಿಯೂ ‘ಕವರು’ ಎಂಬ ಘಟಕವನ್ನು ಒಬ್ಬ ಸ್ತ್ರೀ, ಆಕೆಯ ಮಕ್ಕಳು ಹಾಗೂ ಹೆಣ್ಣುಸಾಲಿನ ಆಕೆಯ ಸಂತತಿ ಎಂದು ನಿರ್ವಚಿಸಲಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಈ ಪದ್ಧತಿಯ ಆಸ್ತಿಹಕ್ಕಿನ ಸ್ವರೂಪವನ್ನು ಬಹಳಮಟ್ಟಿಗೆ ಬದಲಾಯಿಸಿತು. ಆದರೂ ಹಿಂದಿನ ವಿಭಾಗಪತ್ರಗಳನ್ನು ಓದಿ ಅರ್ಥಮಾಡಿಕೊಳ್ಳಬೇಕಾದರೆ ಕವರಿನ ಮೂಲಸ್ತ್ರೀಯ ಹೆಸರು ತಿಳಿದಿರಲೇಬೇಕು.

ವಂಶಾವಳಿಯ ತಂತ್ರಾಂಶಗಳು ಹುಟ್ಟಿದ ಸಮಾಜದ ರೂಢಿ ಬೇರೆ. ಅಲ್ಲಿ ಅಡ್ಡಹೆಸರು ತಂದೆಯಿಂದ ಮಕ್ಕಳಿಗೆ ಬರುವುದೇ ಸಾಮಾನ್ಯ. ಅಮೆರಿಕದ ಲ್ಯಾಟರ್ ಡೇ ಸೇಂಟ್ಸ್ ಚರ್ಚು 1984ರಲ್ಲಿ ರೂಪಿಸಿದ, ಇಂದಿಗೂ ತಂತ್ರಾಂಶದಿಂದ ತಂತ್ರಾಂಶಕ್ಕೆ ಮಾಹಿತಿಯನ್ನು ಸಾಗಿಸುವ ‘ಗೆಡ್‌ಕಾಮ್’ ಮಾದರಿಯಲ್ಲಿ ಅಡ್ಡಹೆಸರನ್ನು ಎರಡು ಓರೆಗೆರೆಗಳ ನಡುವೆ ಬರೆಯಬೇಕು. ಬಳಿಗೆಂದು ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಗೋರೆಗಾಂವಿನ ತಾಯಿಯೊಬ್ಬಳು ‘ರೈ’ ಮನೆತನದಲ್ಲಿ ಹುಟ್ಟಿ ‘ಶೆಟ್ಟಿ’ಯವರನ್ನು ಮದುವೆಯಾದರೆ ದಾಖಲೆಗಳಲ್ಲಿ ಆಕೆಯೂ ಮಕ್ಕಳೂ ಶೆಟ್ಟಿಗಳು. ಆಕೆಯ ದಾಖಲೆಯಲ್ಲಿ ‘ರೈ’ಯ ಸ್ಥಾನದಲ್ಲಿ ‘ಶೆಟ್ಟಿ’ ಎಂದು ತಿದ್ದಿದರೆ ಮಕ್ಕಳ ಬಳಿಯನ್ನು ಗುರುತಿಸುವ ದಾರಿ ಮುಚ್ಚಿಹೋಗುತ್ತದೆ. ವೃಕ್ಷ ಪೂರ್ಣವಾಗಿ ಕಾಣುತ್ತದೆ. ಆದರೆ ಅದು ತಂದೆಯ ಸಾಲಿನ ವೃಕ್ಷ. ತಾಯಿಯ ಸಾಲು ಒಂದು ತಲೆಮಾರಿನ ಹಿಂದೆಯೇ ನಿಂತುಹೋಗಿರುತ್ತದೆ.

ವ್ಯವಹಾರದ ಕಷ್ಟವೂ ಇದೆ. ಊರಿನ ಆಸ್ತಿಯ ಹಕ್ಕು ಬದಲಾವಣೆಗೆ ಕರ್ನಾಟಕದ ಕಂದಾಯ ಇಲಾಖೆ ನೀಡುವ ವಂಶವೃಕ್ಷ ಪತ್ರ ಬೇಕಾಗುತ್ತದೆ. ಹಳೆಯ ಪಹಣಿಯಲ್ಲಿ ‘ದುಗ್ಗಮ್ಮ’, ಮುಂಬಯಿಯ ಮರಣಪತ್ರದಲ್ಲಿ ‘ದುರ್ಗಾ’ ಎಂದಿದ್ದಾಗ ಇಬ್ಬರೂ ಒಬ್ಬಳೇ ಎಂದು ಸಾಧಿಸುವ ಹೊಣೆ ಮಕ್ಕಳ ಮೇಲೆ ಬೀಳುತ್ತದೆ. ಹಿರಿಯರು ಬದುಕಿದ್ದಾಗ ಕೇಳಿ ಬರೆದಿಟ್ಟ ಹೆಸರು ಅಂತಹ ಸಮಯದಲ್ಲಿ ಎಲ್ಲಿ ಹುಡುಕಬೇಕೆಂಬ ದಾರಿಯನ್ನಾದರೂ ತೋರಿಸುತ್ತದೆ. ಆ ಹೆಸರನ್ನು ‘ಬಳಕೆಯಿಲ್ಲ’ ಎಂದು ಅಳಿಸಿದ ಮನೆಗೆ ಆ ದಾರಿಯೂ ಇಲ್ಲ.

5. ಗ್ರಂಥಸಂಪಾದನೆಯ ಬೆಳಕು

ಕನ್ನಡದ ವಿದ್ಯಾರ್ಥಿಗೆ ಈ ಸಮಸ್ಯೆ ಅಪರಿಚಿತವಲ್ಲ. ಹಸ್ತಪ್ರತಿಗಳ ಪಾಠಾಂತರಗಳ ವಿಷಯದಲ್ಲಿ ಅವನು ಇದನ್ನು ಆಗಲೇ ಎದುರಿಸಿದ್ದಾನೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯಿಂದ ಮೊದಲ್ಗೊಂಡು ಈ ಶಾಸ್ತ್ರದ ಪಾಠ ಸ್ಪಷ್ಟವಾಗಿದೆ: ಸಂಪಾದಕನು ಒಂದು ಪಾಠವನ್ನು ಸ್ವೀಕರಿಸಿದಾಗ ಉಳಿದವನ್ನು ಸುಟ್ಟುಹಾಕುವುದಿಲ್ಲ, ಅಡಿಟಿಪ್ಪಣಿಯಲ್ಲಿ ಪ್ರತಿಯ ಸಂಕೇತದೊಡನೆ ಕೊಡುತ್ತಾನೆ. ಲಿಪಿಕಾರನ ಕೈತಪ್ಪು ಬೇರೆ, ಅರ್ಥವುಳ್ಳ ಪಾಠಭೇದ ಬೇರೆ ಎಂಬ ವಿವೇಕ ಅಲ್ಲಿ ಮುಖ್ಯ. ಪರಿಚಿತ ರೂಪಕ್ಕಿಂತ ಅಪರಿಚಿತವಾದ ಕ್ಲಿಷ್ಟ ರೂಪವೇ ಮೂಲವಾಗಿರುವ ಸಂಭವ ಹೆಚ್ಚು ಎಂಬ ಸೂತ್ರವೂ ಇದೆ. ‘ಬೂದ’ ಎಂಬುದನ್ನು ನಕಲುಗಾರ ‘ಬುಧ’ ಎಂದು ತಿದ್ದುವುದು ಸಹಜ. ‘ಬುಧ’ ಎಂಬುದನ್ನು ‘ಬೂದ’ ಎಂದು ತಿದ್ದುವುದು ಅಪರೂಪ. ಎಂ.ಎಂ. ಕಲಬುರ್ಗಿಯವರು ಗ್ರಂಥಸಂಪಾದನೆಯ ಶಾಸ್ತ್ರವನ್ನೂ ನಾಮವಿಜ್ಞಾನವನ್ನೂ ಕುರಿತು ಕೃತಿಗಳನ್ನು ರಚಿಸಿದ್ದಾರೆ. ವಂಶಾವಳಿಯ ದತ್ತಸಂಚಯ ಈ ಎರಡು ಶಾಸ್ತ್ರಗಳೂ ಕೂಡುವ ಸ್ಥಳ. ಮುಂಬಯಿಯಲ್ಲಿ ದೀರ್ಘಕಾಲ ಇದ್ದ ಶ್ರೀನಿವಾಸ ಹಾವನೂರರು ಕನ್ನಡ ಸಂಶೋಧನೆಗೆ ಗಣಕಯಂತ್ರವನ್ನು ಬಳಸಿದ ಮೊದಲಿಗರಲ್ಲಿ ಒಬ್ಬರೆಂಬುದನ್ನೂ ಇಲ್ಲಿ ನೆನೆಯಬೇಕು.

ಈ ದೃಷ್ಟಿಯಿಂದ ಬಳಕೆ ತಪ್ಪಿದ ಹೆಸರುಗಳನ್ನು ಐದು ವರ್ಗಗಳಾಗಿ ವಿಂಗಡಿಸಬಹುದು.

ಅ) ಕೈತಪ್ಪು. ‘ಶೆಟ್ಟಿ’ಗೆ ‘ಶೆಟ್ಟಿಟಿ’ ಎಂದು ಬೆರಳಚ್ಚಾದುದು. ಇದಕ್ಕೆ ಯಾವ ಆಕರವೂ ಇಲ್ಲ. ಅಳಿಸಲು ಅಡ್ಡಿಯಿಲ್ಲ.

ಆ) ಸಂಕೇತಭೇದ. ಕಣ್ಣಿಗೆ ಒಂದೇ ಆಗಿದ್ದು ಯಂತ್ರಕ್ಕೆ ಬೇರೆಯಾದುದು. ಯೂನಿಕೋಡ್ ಪದ್ಧತಿಯಲ್ಲಿ ‘ಕೊ’ ಎಂಬ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ‘ಸುರೇಶ್’ ಎಂಬ ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದು ಸೇರಿಕೊಂಡಿರಬಹುದು. ಇಂತಹವನ್ನು ಅಳಿಸುವ ಬದಲು ಒಂದುಗೂಡಿಸಬೇಕು. ಯೂನಿಕೋಡ್‌ಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬರೆದ ಹೆಸರುಗಳು ಹೊಸ ತಂತ್ರಾಂಶದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಂತೆ ತೋರುತ್ತವೆ. ಅವೂ ಕಸವಲ್ಲ. ಪರಿವರ್ತಕದ ಮೂಲಕ ಓದಿ ನೋಡಿದ ಮೇಲೆ ನಿರ್ಧರಿಸಬೇಕು.

ಇ) ರೂಪಭೇದ. ಕೊರಗ, ಕೋರಗ ಎಂಬಂತೆ ಒಂದೊಂದು ಆಕರದಲ್ಲಿ ಒಂದೊಂದು ರೂಪ. ಇದು ನಿಜವಾದ ಪಾಠಾಂತರ. ಆಕರದ ಉಲ್ಲೇಖದೊಡನೆ ವ್ಯಕ್ತಿಯ ದಾಖಲೆಗೆ ಪರ್ಯಾಯ ಹೆಸರಾಗಿ ಸೇರಬೇಕು.

ಈ) ಬಿಟ್ಟ ಹೆಸರು. ತುಕ್ರ ಎಂಬವನು ಮುಂದೆ ಶಂಕರನಾದುದು, ರೈ ಎಂಬವಳು ಶೆಟ್ಟಿಯಾದುದು. ಇದೂ ಪರ್ಯಾಯ ಹೆಸರಾಗಿ, ತಿಳಿದಷ್ಟು ಕಾಲನಿರ್ದೇಶದೊಡನೆ ಉಳಿಯಬೇಕು.

ಉ) ಒಡೆಯನಿಲ್ಲದ ಹೆಸರು. ವಿಭಾಗಪತ್ರದಲ್ಲಿ ಅಥವಾ ಹಿರಿಯರ ಮಾತಿನಲ್ಲಿ ಬಂದು, ಯಾರೆಂದು ಇನ್ನೂ ತಿಳಿಯದೆ ಉಳಿದುದು. ಮುಂದಿನ ಶೋಧಕ್ಕೆ ಇದೇ ಬೀಜ.

ಯಂತ್ರದ ಎದುರಿನಲ್ಲಿ ಈ ಐದೂ ಒಂದೇ. ಇವುಗಳಲ್ಲಿ ಅಳಿಸಲು ತಕ್ಕುದು ಮೊದಲನೆಯದು ಮಾತ್ರ.

6. ಶುದ್ಧೀಕರಣದ ಕ್ರಮ

ಮೇಲಿನ ವಿಂಗಡಣೆಯನ್ನು ಆಚರಣೆಗೆ ತರುವುದು ಕಷ್ಟವಲ್ಲ. ಮೊದಲು ದತ್ತಸಂಚಯದ ಪೂರ್ಣಪ್ರತಿಯೊಂದನ್ನು ತೆಗೆದು, ದಿನಾಂಕ ಬರೆದು ಬೇರೆಡೆ ಇಡಬೇಕು. ಅಳಿಸುವ ಆಜ್ಞೆಗೆ ಮುಂಚೆ ಬಳಕೆ ತಪ್ಪಿದ ಹೆಸರುಗಳ ಪಟ್ಟಿಯನ್ನು ಮುದ್ರಿಸಿಕೊಳ್ಳಬೇಕು. ಮನೆಯ ಹಿರಿಯರ ಎದುರಿನಲ್ಲಿ ಅದನ್ನು ಗಟ್ಟಿಯಾಗಿ ಓದುವುದು ಹೆಚ್ಚು ಫಲಕಾರಿ. ಕಾಗದದಲ್ಲಿ ತಪ್ಪೆಂದು ಕಾಣುವ ರೂಪ ಕಿವಿಗೆ ಬಿದ್ದಾಗ ಯಾರದೆಂದು ಹೊಳೆಯುವ ಸಂಭವವಿದೆ.

ಒಂಟಿ ನಮೂದು ಯಾರ ಹೆಸರಾಗಿತ್ತೆಂಬುದನ್ನು ಕೋಶ ತಾನಾಗಿ ಹೇಳುವುದಿಲ್ಲ. ಆದರೆ ಎರಡು ಉಪಾಯಗಳಿವೆ. ನಮೂದುಗಳಿಗೆ ಸೇರ್ಪಡೆಯ ಅನುಕ್ರಮದಲ್ಲಿ ಸಂಖ್ಯೆ ಕೊಡುವ ತಂತ್ರಾಂಶಗಳಲ್ಲಿ, ಒಂದು ಒಂಟಿ ಹೆಸರಿನ ಹಿಂದುಮುಂದಿನ ಸಂಖ್ಯೆಯ ಹೆಸರುಗಳನ್ನು ನೋಡಿದರೆ ಅದು ಯಾವ ಕುಟುಂಬವನ್ನು ಬರೆಯುವಾಗ ಬಂದುದೆಂದು ಊಹಿಸಬಹುದು. ಓಲೆಯ ಕಟ್ಟಿನಲ್ಲಿ ಹಿಂದುಮುಂದಿನ ಗರಿಗಳಿಂದ ಬಿಡಿಗರಿಯ ಸ್ಥಾನವನ್ನು ಗೊತ್ತುಪಡಿಸುವಂತೆ ಇದು. ಎರಡನೆಯ ಉಪಾಯ ಹಳೆಯ ಪ್ರತಿಗಳೊಡನೆ ಹೋಲಿಕೆ. ತಿದ್ದುಪಡಿಗೆ ಮುಂಚಿನ ಪ್ರತಿ ದೊರೆತರೆ ಆ ಹೆಸರು ಯಾರ ದಾಖಲೆಯಲ್ಲಿತ್ತೆಂಬುದು ನಿಸ್ಸಂದೇಹವಾಗಿ ತಿಳಿಯುತ್ತದೆ.

ಒಡೆಯನಿಲ್ಲದ ಹೆಸರುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಗೆಡ್‌ಕಾಮ್ ಮಾದರಿಯಲ್ಲಿ ಹೆಸರಿಗೆ ಸ್ವತಂತ್ರ ಅಸ್ತಿತ್ವವಿಲ್ಲ. ಅದು ಒಬ್ಬ ವ್ಯಕ್ತಿಯ ದಾಖಲೆಯ ಒಳಗೇ ಇರಬೇಕು. ಆದುದರಿಂದ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ, ಯಾರೂ ಅಳಿಸದಿದ್ದರೂ, ಕೋಶದ ಒಂಟಿ ಹೆಸರುಗಳು ಹಿಂದೆಯೇ ಉಳಿದುಬಿಡುತ್ತವೆ. 2014ರ ಅನಂತರ ಹಳೆಯ ತಂತ್ರಾಂಶವನ್ನು ಬಿಟ್ಟು ಬೇರೆಗೆ ಹೋದವರಿಗೆ ಈ ನಷ್ಟ ಅರಿವಿಲ್ಲದೆ ಆಗಿರುವುದು ಸಾಧ್ಯ.ಇದಕ್ಕೆ ಪರಿಹಾರವೆಂದರೆ ಅಂತಹ ಪ್ರತಿಯೊಂದು ಹೆಸರಿಗೂ ಯಾರೊಡನೆಯೂ ಸಂಬಂಧವಿಲ್ಲದ ಒಬ್ಬ ವ್ಯಕ್ತಿಯ ದಾಖಲೆಯನ್ನು ತೆರೆದು, ಹೆಸರು ದೊರೆತ ಆಕರವನ್ನು ಅಲ್ಲಿ ನಮೂದಿಸುವುದು.

7. ಉಳಿಸುವುದರ ಮಿತಿ

ಹಳೆಯ ಹೆಸರನ್ನೆಲ್ಲ ಉಳಿಸಬೇಕೆಂಬ ವಾದಕ್ಕೆ ಒಂದು ಗಂಭೀರವಾದ ಆಕ್ಷೇಪವಿದೆ. ಹೆಸರನ್ನು ಬದಲಿಸಿಕೊಂಡವರೆಲ್ಲ ಅನುಕೂಲಕ್ಕಾಗಿಯೇ ಬದಲಿಸಿಕೊಂಡವರಲ್ಲ. ವಾರದ ಹೆಸರುಗಳು ಸಮಾಜ ಕೆಳಗೆಂದು ಎಣಿಸಿದ ಸಮುದಾಯಗಳಲ್ಲಿ ಹೆಚ್ಚಾಗಿದ್ದವು. ಹೆಸರನ್ನು ಕೇಳಿದೊಡನೆ ಜಾತಿಯನ್ನು ಅಳೆಯುತ್ತಿದ್ದ ಊರನ್ನು ಬಿಟ್ಟು, ನಗರದಲ್ಲಿ ಹೊಸ ಹೆಸರಿನಿಂದ ಬದುಕು ಕಟ್ಟಿಕೊಂಡವನಿಗೆ ಹಳೆಯ ಹೆಸರು ನೋವಿನ ನೆನಪಾಗಿರಬಹುದು. ಅವನು ಬಿಟ್ಟುಬಂದುದನ್ನು ಅವನ ಮೊಮ್ಮಕ್ಕಳ ವೃಕ್ಷದಲ್ಲಿ ಎಲ್ಲರಿಗೂ ಕಾಣುವಂತೆ ಮತ್ತೆ ಅಂಟಿಸುವುದು ಸಂಶೋಧನೆಯ ಹೆಸರಿನಲ್ಲಿ ಮಾಡುವ ಅನ್ಯಾಯ.

ಈ ಆಕ್ಷೇಪಕ್ಕೆ ಅಳಿಸುವಿಕೆ ಉತ್ತರವಲ್ಲ. ಅಳಿಸಿದರೆ ಊರಿನ ದಾಖಲೆಗೂ ನಗರದ ದಾಖಲೆಗೂ ಇರುವ ಏಕೈಕ ಕೊಂಡಿ ಕಳಚುತ್ತದೆ. ಅವನು ನಡೆದು ಬಂದ ದೂರವೂ ಮರೆಯಾಗುತ್ತದೆ. ಅನೇಕ ತಂತ್ರಾಂಶಗಳಲ್ಲಿ ಒಂದು ನಮೂದನ್ನು ಖಾಸಗಿಯೆಂದು ಗುರುತಿಸುವ ಸೌಲಭ್ಯವಿದೆ. ಹಾಗೆ ಗುರುತಿಸಿದ ಹೆಸರು ದತ್ತಸಂಚಯದಲ್ಲಿ ಉಳಿಯುತ್ತದೆ. ಮುದ್ರಿತ ವೃಕ್ಷದಿಂದಲೂ ಹೊರಗಿನವರಿಗೆ ಕೊಡುವ ಪ್ರತಿಯಿಂದಲೂ ಅದನ್ನು ಹೊರಗಿಡಬಹುದು. ಬದುಕಿರುವವರ ವಿಷಯದಲ್ಲಿ ಅವರ ಇಚ್ಛೆಯೇ ಪ್ರಮಾಣ. ತೀರಿಹೋದವರ ವಿಷಯದಲ್ಲಿ ಹತ್ತಿರದ ಸಂಬಂಧಿಕರನ್ನು ಕೇಳಬೇಕು. ಇಡುವುದು ಬೇರೆ, ತೋರಿಸುವುದು ಬೇರೆ ಎಂಬ ಈ ಭೇದವನ್ನು ಶುದ್ಧೀಕರಣದ ತಂತ್ರಾಂಶ ತಾನಾಗಿ ಮಾಡಲಾರದು.

8. ಸಮಾರೋಪ

ಒಟ್ಟಿನಲ್ಲಿ, ಬಳಕೆ ತಪ್ಪಿದ ಹೆಸರುಗಳನ್ನು ತೆಗೆಯುವ ತಂತ್ರಾಂಶ ಅಗತ್ಯವಾದ ಸಾಧನವೇ ಹೌದು. ಆದರೆ ಅದು ಪಟ್ಟಿಯನ್ನು ಮುಂದಿಡುವ ಲಿಪಿಕಾರನಾಗಿರಬೇಕೇ ಹೊರತು ತೀರ್ಪು ಹೇಳುವ ಸಂಪಾದಕನಾಗಬಾರದು. ‘ಯಾರಿಗೂ ಸೇರಿಲ್ಲ’ ಎಂಬುದು ಯಂತ್ರ ಹೇಳಬಲ್ಲ ಮಾತು. ‘ಯಾರದೂ ಅಲ್ಲ’ ಎಂಬುದನ್ನು ಹೇಳಬೇಕಾದರೆ ಊರಿನ ರೂಢಿ, ಅಳಿಯಸಂತಾನದ ಕ್ರಮ, ಲಿಪಿಗಳ ಗುಣ, ಮನೆಯ ಹಿರಿಯರ ನೆನಪು ಇವೆಲ್ಲವೂ ತಿಳಿದಿರಬೇಕು.

ಎರಡನೆಯ ಗೋವಿಂದನ ಹೆಸರು ಮರಳಿ ದೊರೆತದ್ದು ತಾಮ್ರಪಟಗಳು ಹಲವಾಗಿದ್ದುದರಿಂದ. ಎಲ್ಲ ಪಟಗಳನ್ನೂ ಬರೆಸಿದವನು ಒಬ್ಬನೇ ಆಗಿರಲಿಲ್ಲ. ಗೋರೆಗಾಂವಿನ ಸಾಮಾನ್ಯ ಕುಟುಂಬಕ್ಕೆ ಅಂತಹ ಆಸರೆಯಿಲ್ಲ. ಹೆಳವನು ಆ ಮನೆಯ ಬಾಗಿಲಿಗೆ ಬರುವುದಿಲ್ಲ. ಊರಿನ ಮನೆಯ ಕಾಗದಗಳು ಪಾಲಾಗಿ ಚದುರಿರುತ್ತವೆ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಊರಿನ ಹೆಸರಿಗೆ ಇರುವ ಒಂದೇ ದಾಖಲೆ ಮೊಮ್ಮಗಳು ಕೇಳಿ ಬರೆದ ಆ ಒಂದು ನಮೂದು. ಅದನ್ನು ಅಳಿಸುವ ಮುನ್ನ ಯಾರ ಹೆಸರೆಂದು ಕೇಳಿ ತಿಳಿಯುವುದು, ಕೇಳಲು ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ.